ಒಂಬತ್ತನೆಯ ಕೋಣೆಯ ನೇರಳೆ

"ಕೈ ಇಡ್ಬೇಡಿ ಅಮ್ಮ, ಇನ್ನೂ ಬಿಸಿ ಇತ್ತ್," ಎಂದ ಐತ.

ಭಟ್ಟಿಯ ನೆತ್ತಿಯ ಮೇಲೆ ಮಂಡಿಯೂರಿ ಕುಳಿತು, ಅಂಗೈಯಗಲದ ಕಂಡಿಯೊಂದರಿಂದ ಅವನು ತಂತಿ ಎಳೆಯುತ್ತಿದ್ದ. ಹಳೆಯ ಕರೆಂಟ್ ಒಲೆಯಿಂದ ಬಿಚ್ಚಿ ತಂದ ತಂತಿ. ಬಾವಿಯಿಂದ ಕೊಡ ಎತ್ತುವವರ ಹಾಗೆ, ಅವಸರವಿಲ್ಲದೆ ಒಂದು ಕೈಯ ಮುಂದೆ ಇನ್ನೊಂದು ಕೈ ಇಟ್ಟು ಎಳೆದ. ತುದಿಯಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡ ಚೂರೊಂದು ತೂಗಾಡುತ್ತ ಬೆಳಕಿಗೆ ಬಂತು.

ಒಳಗೆ ಇಳಿಸುವಾಗ ಅದು ಕನ್ನಡಿಯ ಹಾಗಿತ್ತು. ಮುಖ ಕಾಣುತ್ತಿತ್ತು. ಈಗ ಅದು ನೀಲಿ. ಹೊಳೆ ದಂಡೆಯ ಮಿಂಚುಳ್ಳಿಯ ಬೆನ್ನಿನ ನೀಲಿ.

ಸಬ್ ಇನ್‌ಸ್ಪೆಕ್ಟರ್ ಹರಿಣಾಕ್ಷಿ ಬಾಗಿ ನೋಡಿದಳು. ಯಾರೂ ಬಣ್ಣ ಹಚ್ಚಿರಲಿಲ್ಲ. ಒಳಗಿದ್ದದ್ದು ಬೆಂಕಿ, ಹಂಚು ಮತ್ತು ಗಾಳಿ, ಅಷ್ಟೇ.

"ಇದೆಷ್ಟು ಗಂಟೆಯದ್ದು, ಜಲಜಕ್ಕ?"

"ನಾಲ್ಕ್ ಗಂಟಿದ್," ಎಂದರು ಜಲಜ. ನೆರಳಲ್ಲಿ ಮಣೆ ಹಾಕಿ ಕುಳಿತಿದ್ದ ಅವರು ಚೂರನ್ನು ಇಕ್ಕಳದಲ್ಲಿ ಹಿಡಿದು ತಮ್ಮ ಬಿಳಿ ಕರವಸ್ತ್ರದ ಮೇಲಿಟ್ಟರು. "ಮಧ್ಯಾಹ್ನ ಎರಡಕ್ಕೆ ಹಾಕಿದ್ದ್. ಬೆಂಕಿ ಮುಗ್ದದ್ದ್ ಆರಕ್ಕೆ."

ಹಂಗಾರಕಟ್ಟೆಯ ಅಳಿವೆಗೆ ಬೆನ್ನು ಹಾಕಿ ನಿಂತ ಈ ಹಂಚಿನ ಕಾರ್ಖಾನೆಯ ಮ್ಯಾನೇಜರ್, ಜಲಜರ ತಮ್ಮ ಪ್ರೇಮಾನಂದ, ಕಾಣೆಯಾಗಿ ಅಂದಿಗೆ ಒಂಬತ್ತು ದಿನ. ಭಟ್ಟಿಯ ಮೆಟ್ಟಿಲ ಮೇಲೆ ರಕ್ತ, ಹೊಳೆಬದಿಯಲ್ಲಿ ಒಂಟಿ ಚಪ್ಪಲಿ, ಹಸಿ ಸೌದೆ ಕಳಿಸಿದ್ದಕ್ಕೆ ಹಿಂದಿನ ದಿನ ಅವನೊಡನೆ ಬಾಯಿ ಮಾಡಿದ ಐತ. ಇಷ್ಟನ್ನು ಕಟ್ಟಿ, ನಾಳೆ ಸೋಮವಾರ ಐತನನ್ನು ಕೊಲೆ ಮೊಕದ್ದಮೆಯಲ್ಲಿ ಹಿಡಿಯಬೇಕೆಂದು ಮೇಲಿನವರು ಹೇಳಿಯಾಗಿತ್ತು. ಹರಿಣಾಕ್ಷಿ ಕಾಡಿ ಬೇಡಿ ಎರಡು ದಿನ ಕೇಳಿದ್ದಳು. ಅವು ಮುಗಿಯುತ್ತ ಬಂದಿದ್ದವು.

ಐತ ಮುಂದಿನ ಕಂಡಿಗೆ ಸರಿದ.

ಈ ಭಟ್ಟಿ ಆರುವುದೇ ಇಲ್ಲ. ಹದಿನಾರು ಕೋಣೆ, ಉಂಗುರದ ಹಾಗೆ. ಬೆಂಕಿ ದಿನಕ್ಕೊಂದು ಕೋಣೆ ದಾಟುತ್ತ ಸುತ್ತು ಬರುತ್ತದೆ. ಮುಂದಿನ ಕೋಣೆಯಲ್ಲಿ ಹಸಿ ಹಂಚು ಒಣಗುತ್ತಿರುತ್ತದೆ, ಹಿಂದಿನದರಲ್ಲಿ ಬೆಂದದ್ದು ತಣಿಯುತ್ತಿರುತ್ತದೆ. ಸೌದೆ ಹಾಕುವುದು ಮೇಲಿನಿಂದ, ಈ ಕಂಡಿಗಳಲ್ಲಿ. ಬೆಂಕಿಗೆ ಹಬ್ಬವಿಲ್ಲ, ರಜೆಯಿಲ್ಲ.

ಪ್ರೇಮಾನಂದ ಕಾಣೆಯಾದ ಶುಕ್ರವಾರ ಹೊಸ್ತು. ಹೊಸ ಕದಿರು ತಂದು ಮನೆಯ ಕಂಬಕ್ಕೆ, ನೇಗಿಲಿಗೆ, ಬಾಗಿಲಿಗೆ ಕಟ್ಟಿ ಹೊಸ ಅಕ್ಕಿ ಉಣ್ಣುವ ದಿನ. ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ. ಒಂಬತ್ತನೆಯ ಕೋಣೆಗೆ ಬೆಳಗಿನ ಆರರಿಂದ ಸಂಜೆ ಆರರವರೆಗೆ ಬೆಂಕಿ ಹಾಕಬೇಕಿದ್ದವನು ಐತ ಒಬ್ಬನೇ.

ಐತನ ಹೇಳಿಕೆ ಹೀಗಿತ್ತು: ಎರಡು ಗಂಟೆಗೆ ಧಣಿಯೇ ಮೇಲೆ ಬಂದು ಹೊಸ್ತಿನ ಊಟಕ್ಕೆ ಹೋಗೆಂದರು, ಹೋದೆ; ಪ್ರೇಮಾನಂದ ಆ ದಿನ ಭಟ್ಟಿ ಹತ್ತಲೇ ಇಲ್ಲ.

ಧಣಿ ಶೇಖರನ ಹೇಳಿಕೆ ಬೇರೆ: ಹನ್ನೊಂದಕ್ಕೆ ಪ್ರೇಮಾನಂದನನ್ನು ಕಾರಿನಲ್ಲಿ ಕುಂದಾಪುರಕ್ಕೆ ಕರೆದುಕೊಂಡು ಹೋದೆ, ಎರಡರವರೆಗೆ ಒಟ್ಟಿಗಿದ್ದೆವು, ಊಟ ಮಾಡಿದೆವು, ಅವನು ಬಸ್ಸು ಹತ್ತಿ ಕಾರ್ಖಾನೆಗೆ ವಾಪಸಾದ, ನಾನು ಕತ್ತಲಾಗುವವರೆಗೆ ಅಲ್ಲೇ ಇದ್ದೆ, ಭಟ್ಟಿ ಮೇಲೆ ಐತ ಆರರವರೆಗೂ ಇದ್ದ.

ಇಬ್ಬರಲ್ಲೊಬ್ಬನದು ಸುಳ್ಳು. ಸಾಕ್ಷಿಗೆ ಇದ್ದದ್ದು ಒಂದು ಚೂರು ಮಾತ್ರ.

ಬುಧವಾರ ಒಂಬತ್ತನೆಯ ಕೋಣೆ ಖಾಲಿ ಮಾಡುವಾಗ, ಕಂಡಿಯ ಕೆಳಗಿನ ಬೂದಿಯಲ್ಲಿ ಹೆಂಗಸರಿಗೆ ಅದು ಸಿಕ್ಕಿತ್ತು. ನೇರಳೆ ಬಣ್ಣದ, ಬಿಲ್ಲೆಯೊಂದರ ಕಾಲು ಭಾಗ. ಜಲಜ ಕಂಡ ಕೂಡಲೇ ಗುರುತಿಸಿದ್ದರು. ಥಾಣೆಯ ಡಯೋಡ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಒಲೆಯ ಮುಂದೆ ನಿಂತು, ಬ್ರಹ್ಮಾವರಕ್ಕೆ ಮರಳುವಾಗ ಅವರು ತಂದದ್ದು ನಾಲ್ಕಾರು ತಿರಸ್ಕೃತ ಸಿಲಿಕಾನ್ ಬಿಲ್ಲೆ. ಅದರಲ್ಲೊಂದನ್ನು ತಮ್ಮನಿಗೆ ಕೊಟ್ಟಿದ್ದರು. ಅವನು ಅದನ್ನು ಅಂಗಿಯ ಕಿಸೆಯಲ್ಲಿಟ್ಟು ತಲೆ ಬಾಚುವ ಕನ್ನಡಿ ಮಾಡಿಕೊಂಡಿದ್ದ.

ಅಂಗೈಯಗಲದ ಕಂಡಿಯಲ್ಲಿ ಮನುಷ್ಯ ಬೀಳುವುದಿಲ್ಲ. ಆದರೆ ಬಾಗಿದವನ ಕಿಸೆಯಿಂದ ಬಿಲ್ಲೆ ಬೀಳಬಹುದು. ಬಿದ್ದ ಗಂಟೆ ಗೊತ್ತಾದರೆ ಪ್ರೇಮಾನಂದ ಮೇಲಿದ್ದ ಗಂಟೆ ಗೊತ್ತಾಗುತ್ತದೆ.

ಅದಕ್ಕೇ ನಿನ್ನೆ, ಬೆಂಕಿ ಸುತ್ತಿ ಬಂದ ಒಂದನೆಯ ಕೋಣೆಯಲ್ಲಿ ಈ ಪರೀಕ್ಷೆ. ಜಲಜರಲ್ಲಿ ಉಳಿದಿದ್ದ ಬಿಲ್ಲೆಯನ್ನು ಒಡೆದು, ಒಂದು ಗಂಟೆಗೊಂದು, ಎರಡಕ್ಕೊಂದು, ಮೂರಕ್ಕೊಂದು, ನಾಲ್ಕಕ್ಕೊಂದು ಚೂರನ್ನು ತಂತಿಯಲ್ಲಿ ಇಳಿಬಿಟ್ಟಿದ್ದರು. ಅದೇ ಭಟ್ಟಿ, ಅದೇ ಸೌದೆ, ಅದೇ ಬೆಂಕಿ ಬೇಕಿತ್ತು. ಅದೇ ಬೆಂಕಿ ಹಾಕಬಲ್ಲವನು ಒಬ್ಬನೇ. ಆರೋಪಿ.

"ಐತಣ್ಣ, ಒಂದು ಕೇಳ್ತೇನೆ," ಎಂದಳು ಹರಿಣಾಕ್ಷಿ. "ನಿನ್ನೆ ಒಂಚೂರ್ ಬೆಂಕಿ ಕಮ್ಮಿ ಮಾಡಿದ್ರೆ ಬಣ್ಣ ಬೇರೆ ಬಪ್ಪುದಿತ್ತ್. ನಿಮ್ಮ ಕೊರಳಿನ ಪ್ರಶ್ನೆ. ಮಾಡ್ಲಿಲ್ಲ ಯಾಕೆ?"

ಐತ ತಂತಿ ಎಳೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. ಅವನಿಗೆ ಪ್ರಶ್ನೆಯೇ ಅರ್ಥವಾದಂತಿರಲಿಲ್ಲ.

"ಹಂಚ್ ಹಾಳಾತ್ತಲೆ ಅಮ್ಮ," ಎಂದ.

ಮೂರನೆಯ ಚೂರು ಮೇಲೆ ಬಂತು. ಅದು ನೇರಳೆ. ನಾಲ್ಕನೆಯದು ಹುರಿದ ಹುಣಸೆ ಬೀಜದ ಕಂದು. ಮೊದಲೇ ಎಳೆದಿಟ್ಟಿದ್ದದ್ದು, ಐದು ಗಂಟೆ ಬೆಂದದ್ದು, ಹೊತ್ತೇರಿದ ಮೇಲಿನ ಆಕಾಶದ ಬಿಳಿಚು ನೀಲಿ. ಜಲಜ ನಾಲ್ಕನ್ನೂ ಸಾಲಾಗಿ ಇಟ್ಟರು. ಕಂದು, ನೇರಳೆ, ಕಡು ನೀಲಿ, ತಿಳಿ ನೀಲಿ.

ದೂರದಲ್ಲಿ ದೋಣಿ ಕಟ್ಟುವವರ ಸುತ್ತಿಗೆಯ ಸದ್ದು ಬರುತ್ತಿತ್ತು.

"ಇದು ಬಣ್ಣ ಅಲ್ಲ ಹೆಣೆ," ಎಂದರು ಜಲಜ ಹರಿಣಾಕ್ಷಿಯ ಕಡೆ ತಿರುಗಿ, ಮೆಲ್ಲಗೆ. "ಇದ್ ದಪ್ಪ. ಕಬ್ಬಿಣ ತುಕ್ಕ್ ಹಿಡುದಿಲ್ಯಾ? ಹಾಂಗೇ ಇದ್ಕೂ ತುಕ್ಕ್ ಹಿಡಿತ್ತ್. ಆದ್ರೆ ಇದ್ರ್ ತುಕ್ಕ್ ಗಾಜ್. ತಲೆಕೂದ್ಲನ್ನ ಅಡ್ಡಕ್ಕೆ ಏಳ್ನೂರ್ ಪಾಲ್ ಮಾಡ್, ಅದ್ರಗೆ ಒಂದ್ ಪಾಲ್. ಅಷ್ಟ್ ತೆಳು ಗಾಜಿನ ಪೊರೆ. ಬಸ್‌ಸ್ಟ್ಯಾಂಡಗೆ ನೀರ್ ಮೇಲ್ ಎಣ್ಣಿ ಬಿದ್ರೆ ಬಣ್ಣ ಕಾಣತ್ತಲೆ, ಅದೇ ತರ."

"ಗಾಜು ಮೇಲಿಂದ ಮೇಲೆ ಕೂರ್ತಾ ಹೋಗುದಾ?" ಹರಿಣಾಕ್ಷಿ ಕೇಳಿದಳು.

"ಅಲ್ಲ! ಅದೇ ನೋಡ್ ಮಜ." ಜಲಜರ ಕಣ್ಣು ಅರಳಿತು. ತಮ್ಮ ಕಾಣೆಯಾದ ಮೇಲೆ ಆ ಮುಖದಲ್ಲಿ ಬೆಳಕು ಕಂಡದ್ದು ಹರಿಣಾಕ್ಷಿಗೆ ಇದೇ ಮೊದಲು. "ಮೇಲೆ ಅಲ್ಲ, ಅಡಿಗೆ. ಗಾಳಿಯ ಆಕ್ಸಿಜನ್ ಗಾಜಿನ ಮೈಯೊಳ್ಗೆ ಹೊಕ್ಕ್, ನಡ್ಕಂಡ್ ನಡ್ಕಂಡ್ ಅಡಿಗ್ ಹೋಯ್ಕ್. ಅಲ್ಲಿ ಸಿಲಿಕಾನ್ ಸಿಕ್ಕತ್ತ್. ಅಲ್ಲೇ ಕೂಡಿ ಹೊಸ ಗಾಜ್ ಆತ್ತ್."

"ಗಾಜಿನೊಳಗೆ ಗಾಳಿ ಹೋತ್ತಾ ಅಕ್ಕ?"

"ಬೆಂಕಿ ಇದ್ರೆ ಹೋತ್ತ್. ನಮ್ಗೆ ಗಾಜ್ ಅಂದ್ರೆ ಮುಚ್ಚಿದ ಬಾಗ್ಲ್. ಅದ್ಕೆ ಗಾಜ್ ಅಂದ್ರೆ ಬಲೆ, ಕಣ್ಣ್ ಕಣ್ಣ್ ಇಪ್ಪ ಬಲೆ. ಕೆಲವ್ ನೆಟ್ಟಗೆ ಅಡಿಗ್ ಹೋತ್ತೊ. ಮೇಲ್‌ಮೈ ಹತ್ರ ಕೆಲವ್ ಇನ್ನೊಂದ್ ಆಟ ಆಡ್ತೊ. ಮದಿ ಮನೆ ಪಂಕ್ತಿ ಕಂಡಿದ್ಯಲೆ? ಉಂಡವ ಏಳುಕೂ ಇಲ್ಲೆ, ಹಿಂದೆ ನಿಂತವ ಕೂಕಂಡಾಯ್ತ್. ಹಾಂಗೆ, ಬಂದ ಆಕ್ಸಿಜನ್ ಬಲೆಯೊಳ್ಗೆ ಕೂಕಂತ್ತ್, ಅಲ್ಲಿ ಇದ್ದದ್ದ್ ಎದ್ದ್ ಹೋತ್ತ್. ಗಾಜ್ ಅದೇ. ಕೂತವ್ರ್ ಮಾತ್ರ ಬೇರೆ."

ಹರಿಣಾಕ್ಷಿ ಆ ನೇರಳೆಯನ್ನು ನೋಡುತ್ತಲೇ ಇದ್ದಳು. ಬೈಂದೂರಿನ ಶಾಲೆಯಲ್ಲಿ ಅವಳಿಗೆ ವಿಜ್ಞಾನ ಎಂದರೆ ಬಾಯಿಪಾಠ. ಕಲ್ಲು ಸುಮ್ಮನೆ ಬಿದ್ದಿರುತ್ತದೆ, ಗಾಜು ಸುಮ್ಮನೆ ಕೂತಿರುತ್ತದೆ ಎಂದೇ ಇಷ್ಟು ವರ್ಷ ತಿಳಿದಿದ್ದಳು. ಕಾಲ ಕೆಳಗೆ, ಕೆಂಪು ಬೆಂಕಿಯಲ್ಲಿ, ಇಷ್ಟು ತೆಳುವಾದ ಒಂದು ಪೊರೆಯೊಳಗೆ ಲೆಕ್ಕವಿಲ್ಲದಷ್ಟು ಕಣಗಳು ಬರುತ್ತಿದ್ದವು, ಕೂರುತ್ತಿದ್ದವು, ಏಳುತ್ತಿದ್ದವು, ದಾರಿ ನಡೆಯುತ್ತಿದ್ದವು. ನಡೆದ ಹೊತ್ತು ಹೀಗೆ ಬಣ್ಣವಾಗಿ ಉಳಿಯುತ್ತಿತ್ತು. ಅವಳಿಗೆ ಮೈ ಜುಮ್ಮೆಂದಿತು.

"ಪೊರೆ ದಪ್ಪ ಆದ ಹಾಂಗೆ ದಾರಿ ದೂರ," ಎಂದರು ಜಲಜ. "ಅದ್ಕೇ ಮೊದ್ಲ್ ಮೊದ್ಲ್ ಬೇಗ, ಮತ್ತೆ ತಡ. ಬೆಂಕಿ ಇಳಿದ್ ಮೇಲೆ ನಡು ದಾರಿಯಗೇ ನಿಲ್ಲತ್ತ್."

"ಮೂವತ್ತೊಂದ್ ವರ್ಷ ಇದ್ನೇ ಕಾಂತಾ ಕೂಕಂಡಿದ್ರಿಯಾ ಅಕ್ಕ?" ಐತ ಕೇಳಿದ. "ಮದಿ ಆಪುಕೆ ಪುರ್ಸೊತ್ತ್ ಸಿಕ್ಕದೇ ಹೋದ್ದ್ ಸುಮ್ನೆ ಅಲ್ಲ."

"ನೀ ನಲ್ವತ್ ವರ್ಷ ಕಂಡಿಯೊಳ್ಗೆ ಕಂಡ್ಯಲೆ, ನಿಂಗ್ ಸಿಕ್ಕಿದ್ದೆಂತ?"

"ನಂಗಾ? ಸುರುವಿನ ವಾರವೇ ಹುಬ್ಬ್ ಹೋಯ್ತ್. ಮುಚ್ಳ ತೆಗ್ದ ಕೂಡ್ಲೆ ಬಗ್ಗುಕಾಗ, ಜ್ವಾಲಿ ಮೇಲ್ ಬತ್ತ್ ಅಂತ ಯಾರೂ ಹೇಳ್ಲಿಲ್ಲೆ. ಕಲೀದವ್ರಿಗೆಲ್ಲ ಅದೇ ಗತಿ."

ಕೆಳಗಿನ ಮೆಟ್ಟಿಲಲ್ಲಿ ಹೆಜ್ಜೆ ಸಪ್ಪಳವಾಯಿತು. ಐತ ಬಾಯಿ ಮುಚ್ಚಿಕೊಂಡು ತಂತಿ ಸುತ್ತತೊಡಗಿದ.

ಬಂದವನು ಶೇಖರ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಕನ್ನಡಕ. ಮುಂಬಯಿಯ ಎರಡು ಹೋಟೆಲು ಅಣ್ಣನಿಗೆ ಬಿಟ್ಟು, ಅಪ್ಪನ ಹಂಚಿನ ಕಾರ್ಖಾನೆ ನೋಡಿಕೊಳ್ಳಲು ಬಂದು ಎರಡು ವರ್ಷವಾಗಿತ್ತು.

"ಹ್ವಾಯ್ ಮೇಡಮ್ಮ, ಎಂತ ಆಯ್ತ್ ನಿಮ್ಮ ಬಣ್ಣದಾಟ? ಹೋಳಿ ಮುಗೀತಾ?"

ಹರಿಣಾಕ್ಷಿ ಪ್ಲಾಸ್ಟಿಕ್ ಚೀಲದಿಂದ ಆ ಬುಧವಾರದ ಚೂರನ್ನು ತೆಗೆದು ನಾಲ್ಕರ ಪಕ್ಕದಲ್ಲಿಟ್ಟಳು. ಹೇಳುವ ಅಗತ್ಯವೇ ಇರಲಿಲ್ಲ. ಅದು ಮೂರು ಗಂಟೆ ಬೆಂದ ಚೂರಿನ ಅವಳಿಯ ಹಾಗಿತ್ತು. ನೇರಳೆಗೆ ನೇರಳೆ.

"ಮೂರು ಗಂಟೆ ಬೆಂದದ್ದು," ಎಂದಳು. "ಆರರಿಂದ ಹಿಂದಕ್ಕೆ ಎಣಿಸಿದ್ರೆ, ಬಿದ್ದದ್ದು ಮಧ್ಯಾಹ್ನ ಮೂರಕ್ಕೆ."

ಶೇಖರ ಉಸಿರು ಬಿಟ್ಟದ್ದು ಕೇಳಿಸಿತು.

"ನಾ ಹೇಳ್ಲಿಲ್ಯಾ? ಎರಡಕ್ಕೆ ಕುಂದಾಪುರದಗೆ ಬಸ್ ಹತ್ತಿದ, ಮೂರಕ್ಕೆ ಇಲ್ಲಿ. ಮೇಲ್ ಇದ್ದದ್ದ್ ಯಾರ್? ಇವ. ಎರಡಕ್ಕೇ ಹೋಯ್ದೆ ಅಂತ ಸುಳ್ಳ್ ಬೇರೆ. ನಲ್ವತ್ ವರ್ಷ ಅನ್ನ ಹಾಕಿದ ಮನಿ ಅಂಬ ನೆನಪಾರೂ ಬೇಡ್ದನಾ ಐತ?"

ಐತ ತಂತಿ ಸುತ್ತುತ್ತಲೇ ಇದ್ದ.

ಬಿಡಿಸಲೆಂದು ಮಾಡಿದ ಪರೀಕ್ಷೆ ಅವನನ್ನೇ ಕಟ್ಟಿಹಾಕಿತ್ತು.

ಆದರೆ ಜಲಜ ಚೂರನ್ನು ಬಿಟ್ಟು ಅಂಗಳದ ಕಡೆ ನೋಡುತ್ತಿದ್ದರು. ಅಲ್ಲಿ ಬೆಂದ ಹಂಚು ರಾಶಿರಾಶಿ ನಿಂತಿತ್ತು.

"ನಮ್ಮ ಒಲೆಯಗೆ," ಎಂದರು, ತಮ್ಮಷ್ಟಕ್ಕೆ ಹೇಳಿಕೊಳ್ಳುವವರ ಹಾಗೆ, "ಗಾಳಿಯ ನಳ ಒಂದ್ ನೂಲ್ ತಿರುಗಿದ್ರೂ ಬಣ್ಣ ತಪ್ತಿತ್ತ್. ಐತ, ಒಂಬತ್ತನೇ ಕೋಣಿಯ ಹಂಚ್ ಎಲ್ಲಿತ್ತ್?"

ಐತ ಬೆರಳು ತೋರಿಸಿದ.

ಜಲಜ ಇಳಿದು ಹೋಗಿ ಎರಡು ಹಂಚು ತಂದರು. ಒಂದು ಒಂಬತ್ತನೆಯ ಕೋಣೆಯದ್ದು, ಇನ್ನೊಂದು ಎಂಟನೆಯದ್ದು. ಹೊರಗಿನಿಂದ ಎರಡೂ ಒಂದೇ ಕೆಂಪು. ಕಟ್ಟೆಗೆ ಬಡಿದು ಎರಡನ್ನೂ ಮುರಿದರು.

ಎಂಟನೆಯ ಕೋಣೆಯದ್ದು ಒಳಗೂ ಕೆಂಪು. ಒಂಬತ್ತನೆಯದರ ನಡುವೆ ಕಪ್ಪು ಗೆರೆ, ಹಣ್ಣಾಗದ ಹಲಸಿನ ಬೇಳೆಯ ನಡುವಿನ ಕಲೆಯ ಹಾಗೆ.

"ಕಾಣ್ ಹೆಣೆ. ಇಲ್ಲೂ ಅದೇ ಕತಿ. ಗಾಳಿ ಹೊರ್ಗಿಂದ ಒಳ್ಗೆ ನಡೀಕ್, ಮಣ್ಣಿನೊಳ್ಗಿನ ಮಸಿ ಸುಡುಕೆ. ಈ ಹಂಚಿನ ಹೊಟ್ಟಿಗೆ ಗಾಳಿ ಹೋಯ್ಲೇ ಇಲ್ಲೆ. ಬೆಂಕಿಗೆ ಉಸ್ರ್ ಕಟ್ಟಿತ್ತ್. ಇದ್ ಐತ ಹಾಕಿದ ಬೆಂಕಿ ಅಲ್ಲ."

"ಒಂದ್ ದಿನ ಕೈ ತಪ್ಪಿರ್ಲಕ್ಕ್," ಎಂದ ಶೇಖರ.

"ಸೌದಿ ಹೀಂಗ್ ತುರ್ಕುದ್ ಹೊಸಬ್ರ್. ಜಾಸ್ತಿ ಹಾಕಿದ್ರೆ ಜಾಸ್ತಿ ಬೆಂಕಿ ಅಂತ ತಿಳ್ಕಂಡವ್ರ್."

ಹರಿಣಾಕ್ಷಿ ಎದ್ದು ಶೇಖರನ ಎದುರು ನಿಂತಳು.

"ಕನ್ನಡಕ ತೆಗೀತೀರಾ?"

"ಎಂತಕ್ಕೆ?"

"ತೆಗೀರಿ."

ತೆಗೆದ. ಎಡ ಹುಬ್ಬು ದಟ್ಟವಾಗಿತ್ತು. ಬಲ ಹುಬ್ಬು ಅರ್ಧಕ್ಕೆ ನಿಂತು, ಮುಂದೆ ಮೊಳಕೆಯ ಹಾಗೆ ಗಿಡ್ಡ ಕೂದಲು ಚುಚ್ಚಿಕೊಂಡಿತ್ತು.

"ಕ್ಷೌರದವ ಕೈ ತಪ್ಪಿ..."

"ಆ ಶುಕ್ರವಾರ ರಜೆ. ಭಟ್ಟಿ ಮೇಲೆ ಬಪ್ಪುಕೆ ಬೇರೆ ಯಾರೂ ಇರಲಿಲ್ಲ. ಎರಡರಿಂದ ಆರರವರೆಗೆ ಸೌದೆ ಹಾಕಿದ್ದು ಯಾರು ಶೇಖರಣ್ಣ?"

ಶೇಖರ ಕನ್ನಡಕವನ್ನು ಮಡಚಿದ, ಬಿಡಿಸಿದ. ಮತ್ತೆ ಮಡಚಿದ.

"ಹೌದ್. ನಾನೇ ಹಾಕಿದ್ದ್. ಎಂತ ಈಗ? ನನ್ನ ಭಟ್ಟಿಗೆ ನಾ ಸೌದಿ ಹಾಕಿರೆ ಅದ್ ಕೊಲೆಯಾ?"

"ಕುಂದಾಪುರದಲ್ಲಿ ಇದ್ದೆ ಅಂತ ಬರೆಸಿದ್ರಲ್ಲ?"

"ಗಾಬ್ರಿಯಗೆ ಹೇಳಿದ್ದ್. ಎರಡಕ್ಕೆ ಅವ ಬಸ್ ಹತ್ತಿದ ಅಂದದ್ದ್ ಸತ್ಯ. ನಾ ಕಾರಗೆ ಬಂದೆ. ಐತನ ಕಳಿಸ್ದೆ. ಹಬ್ಬದ ಊಟ, ಪಾಪ, ಅಂತ. ಮೂರಕ್ಕೆ ಪ್ರೇಮಾನಂದ 'ಎಂತ ಧಣಿ, ನೀವಾ?' ಅಂತ ನಗಾಡ್ತಾ ಮೇಲ್ ಬಂದ, ಬಗ್ಗಿ ಕಂಡ, ಹೋದ. ಆಗ ಬಿದ್ದಿರ್ಕ್ ಬಿಲ್ಲೆ. ಮತ್ತೆ ಅವ ಎಲ್ಲಿ ಹೋದ ಅಂತ ನಂಗ್ ಗೊತ್ತಿಲ್ಲೆ, ದೇವ್ರಾಣಿ."

ಸರಾಗವಾಗಿ ಬಂತು ಮಾತು. ಎಲ್ಲೂ ತೊಡಕಿಲ್ಲ. ಮೂರು ಗಂಟೆಯ ನೇರಳೆಗೆ ಸರಿಯಾಗಿ ಕೂರುವ ಹಾಗಿತ್ತು.

ಜಲಜ ಎದ್ದರು. ಎರಡು ಹಂಚಿನ ಚೂರು ಇನ್ನೂ ಅವರ ಕೈಯಲ್ಲಿದ್ದವು.

"ಮೂರ್ ಗಂಟಿ ಅಂದದ್ದ್ ತಪ್ಪ್ ಹೆಣೆ," ಎಂದರು.

"ಯಾಕೆ ಅಕ್ಕ? ಬಣ್ಣ ಒಂದೇ ಇತ್ತಲ್ಲ."

"ಐತನ ಬೆಂಕಿಯಗೆ ಈ ಬಣ್ಣಕ್ಕೆ ಮೂರ್ ಗಂಟಿ. ಈ ಕಪ್ಪ್ ಹಂಚಿನ ಬೆಂಕಿಯಗೆ ಅಲ್ಲ. ಶಾಖ ಕಮ್ಮಿ, ಗಾಳಿ ಕಮ್ಮಿ. ಆಕ್ಸಿಜನ್ ತೆವಳ್ತಿತ್ತ್. ಎರಡರಿಂದ ಆರರ ವರೆಗೆ, ನಾಕೂ ಗಂಟಿ ಇವ್ರ್ ಬೆಂಕಿಯಗೇ ಇದ್ದಿದ್ರೂ ಅದ್ ಕಂದು ದಾಟ್ತಿರ್ಲಿಲ್ಲೆ. ನೇರಳೆ ಆಯ್ಕಾದ್ರೆ..." ಅವರು ಬೆರಳು ಮಡಚುತ್ತ ಲೆಕ್ಕ ಹಾಕಿದರು, ಇನ್ನೊಮ್ಮೆ ಹಾಕಿದರು. "ಮೊದ್ಲ್ ಒಂದ್ ಗಂಟಿ ಒಳ್ಳೆ ಬೆಂಕಿ ಸಿಕ್ಕಿರ್ಕ್. ಐತನ ಬೆಂಕಿ."

"ಅಂದ್ರೆ?"

"ಬಿದ್ದದ್ದ್ ಒಂದ್ ಗಂಟಿಗೆ."

ಶೇಖರನ ನಗು ದೊಡ್ಡದಾಗಿ ಹೊರಬಂತು. "ಕೇಳ್ರಿ! ಒಂದ್ ಗಂಟಿಗೆ ಮೇಲ್ ಇದ್ದದ್ದ್ ಇವ ಒಬ್ನೇ. ಅವನ ಬಾಯಲ್ಲೇ ಬರ್ಸಿದ್ರಿ!"

"ಹೌದು. ಆದ್ರೆ ಒಂದು ಗಂಟೆಗೆ ಪ್ರೇಮಾನಂದ ನಿಮ್ಮ ಎದುರು ಕೂತು ಕುಂದಾಪುರದಲ್ಲಿ ಊಟ ಮಾಡ್ತಿದ್ದ ಅಲ್ವಾ?"

ಶೇಖರನ ನಗು ನಿಂತಿತು; ಅವನು ಮೆಟ್ಟಿಲ ಕಡೆ ಒಂದು ಹೆಜ್ಜೆ ಇಟ್ಟ.

"ನೀವು ಇಲ್ಲಿಂದ ಕದಲಬಾರದು," ಎಂದು ಹೇಳಿ ಹರಿಣಾಕ್ಷಿ ಐತನ ಕಡೆ ತಿರುಗಿದಳು. ಈ ತಿರುಗುವಿಕೆ ಅವಳಿಗೆ ಕಷ್ಟವಾಯಿತು. ಎರಡು ದಿನ ಅವನ ಬೆಂಕಿಯ ಪಕ್ಕ ಕುಳಿತಿದ್ದಳು; ಅವನು ಕೊಟ್ಟ ಬೆಲ್ಲ ನೀರು ಕುಡಿದಿದ್ದಳು.

"ಪ್ರೇಮಾನಂದ ಮೇಲೆ ಬರಲೇ ಇಲ್ಲ ಅಂದ್ರಿ. ಒಂದು ಗಂಟೆಗೆ ಬಂದಿದ್ದ. ನಿಮ್ಮ ಎದುರಿಗೇ ಇದ್ದ. ಮೆಟ್ಟಿಲ ಮೇಲೆ ರಕ್ತ ಇದೆ. ಇನ್ನು ನಾಳೆವರೆಗೆ ಕಾಯುಕೆ ನನ್ನ ಹತ್ರ ಕಾರಣ ಇಲ್ಲ ಐತಣ್ಣ. ಏಳಿ."

ಐತ ಎದ್ದ. ಮೊದಲು ಕಂಡಿಯ ಮುಚ್ಚಳ ಮುಚ್ಚಿದ, ಕಾಲಿನಿಂದ ಒತ್ತಿ ಕೂರಿಸಿದ. ಮುಂಡಾಸು ಬಿಚ್ಚಿ ಕೈ ಒರೆಸಿಕೊಂಡ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ದೊಡ್ಡ ಹೊರೆ ಇಳಿಸಿದವನ ಆಯಾಸವಿತ್ತು. ಅವನು ನೋಡುತ್ತಿದ್ದದ್ದು ಹರಿಣಾಕ್ಷಿಯನ್ನಲ್ಲ, ಜಲಜರನ್ನು. ಹಾಗೆ ನೋಡುವುದು ದೇವರು ಮೈಮೇಲೆ ಬಂದ ಪಾತ್ರಿಯನ್ನು ಮಾತ್ರ.

"ಒಂದ್ ಗಂಟಿ ಅಂದ್ರಲೆ ಅಕ್ಕ? ನೀವೇ ಹೇಳಿಬಿಟ್ರಿ. ಸರಿ ಇತ್ತ್."

"ಸರಿ ಅಂಬುದ್ ನಿಂಗ್ ಹ್ಯಾಂಗ್ ಗೊತ್ತ್?"

"ಮೇಲ್ ಬರ್ಲಿಲ್ಲೆ ಅಂತ ಬರ್ಸಿದ್ದ್ ನಾ ಹೆದ್ರಿ. ಒಳ್ಗೆ ಹಾಕಿದ್ದ್ ನಿಮ್ಮ ತಮ್ಮನವ್ರೇ. ಬಿದ್ದದ್ದಲ್ಲ. ಕಿಸಿಯಿಂದ ತೆಗ್ದ್, ಮುರ್ದ್, ನನ್ನೆದ್ರೇ ಹಾಕಿರ್. ಎಂತಕ್ಕೆ ಅಂತ ನಂಗ್ ಆಗ ತಿಳೀಲಿಲ್ಲೆ, ಧಣಿಯ ಹೆದ್ರಿಕಿಗೆ ಅಂತ ಈಗ ತಿಳೀತ್. 'ಅಕ್ಕ ಬಂದ್ ಗಂಟಿ ಹೇಳುವ ತನ್ಕ ಬಾಯ್ ಬಿಡ್ಬೇಡ ಐತ, ನಿನ್ನ ಮಾತ್ ಯಾರೂ ನಂಬುದಿಲ್ಲೆ, ಅವ್ಳ್ ಹೇಳಿದ್ನ ನಂಬ್ಕ್' ಅಂದ್ರ್. ನೀವ್ ಒಂದ್ ಅಂತ್ಲೇ ಹೇಳ್ತ್ರಿ ಅಂತ ಗೊತ್ತಿತ್ತ್ ಅವ್ರಿಗೆ."

ಜಲಜ ಹಂಚಿನ ಚೂರು ಕೆಳಗಿಟ್ಟು, ತಮ್ಮನ ಬಿಲ್ಲೆಯ ಚೂರನ್ನು ಕೈಗೆತ್ತಿಕೊಂಡರು.

"ಅದನ್ನ ಹಾಕುವಾಗ್ಲೇ ಹೇಳಿದ್ದಾ?" ಹರಿಣಾಕ್ಷಿ ಕೇಳಿದಳು. "ಆ ಶುಕ್ರವಾರವೇ?"

ಐತ ಒಮ್ಮೆ ಶೇಖರನ ಕಡೆ ನೋಡಿದ. ಮತ್ತೆ ಅವಳ ಕಡೆ.

"ಹಾಕಿದ್ದ್ ಶುಕ್ರವಾರ ಅಮ್ಮ," ಎಂದ. "ಹೇಳಿದ್ದ್ ನಿನ್ನೆ."